ಹತ್ತು ವರ್ಷ ಕರೆನ್ಸಿ ಹಾಕಿಸಿದರೂ ಸಿಬಿಲ್ ಖಾಲಿ

ಸಿಂಧನೂರಿರಲಿ, ಗಂಗಾವತಿ ಇರಲಿ, ಸಿರುಗುಪ್ಪ ಇರಲಿ, ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಎರಡು ಥರದ ವ್ಯಾಪಾರ ನಡೆಯುತ್ತದೆ. ಒಂದು, ಕರೆನ್ಸಿ ಹಾಕುವುದು. ಇನ್ನೊಂದು, ಕಂತಿನ ಮೇಲೆ ಫೋನ್ ಕೊಡುವುದು. ಕರೆನ್ಸಿ ಹಾಕಿಸಲು ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಆಯ್ತು. ಕಂತಿಗೆ ಬಂದವರಿಗೆ ಆಧಾರ್ ಬೇಕು, ಪಾನ್ ಬೇಕು, ಪಾಸ್‌ಬುಕ್ ಬೇಕು. ಅಂಗಡಿಯ ಹುಡುಗ ನಂಬರ್ ಒತ್ತಿ, ಒಟಿಪಿ ಕೇಳಿ, ಸ್ವಲ್ಪ ಹೊತ್ತು ಕಾದು, 'ಸಿಬಿಲ್ ಬರ್ತಾ ಇಲ್ಲಣ್ಣ' ಅನ್ನುತ್ತಾನೆ. ಸಿಬಿಲ್ ಅಂದರೆ ಹಿಂದಿನ ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ, ಅದನ್ನು ನೋಡಿ ಕೊಡುವ ಅಂಕ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಅವನ ಪರದೆಯಲ್ಲಿ ಕಾರಣ ಬರುವುದಿಲ್ಲ, ಬರೀ ಉತ್ತರ ಬರುತ್ತದೆ.

ಇಲ್ಲಿ ಒಂದು ದೊಡ್ಡ ಅನ್ಯಾಯ ಇದೆ. ಒಂದೇ ನಂಬರಿಗೆ ಹತ್ತು ವರ್ಷದಿಂದ ತಪ್ಪದೆ ಮುಂಗಡ ದುಡ್ಡು ಕಟ್ಟಿದವರ ನಿಯತ್ತು ಯಾವ ದಾಖಲೆಯಲ್ಲೂ ಇಲ್ಲ. ಆದರೆ ಒಂದು ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಉಳಿದರೆ ಅದನ್ನು ಬರೆದಿಡಲು ವ್ಯವಸ್ಥೆಯಲ್ಲಿ ಜಾಗ ಇದೆ. ಕಟ್ಟಿದ್ದು ಕಾಣುವುದಿಲ್ಲ, ತಪ್ಪಿದ್ದು ಮಾತ್ರ ಕಾಣುತ್ತದೆ. ಬಡವರ ಮೇಲೆ ಇದರ ಭಾರ ಜಾಸ್ತಿ, ಯಾಕೆಂದರೆ ಅವರೆಲ್ಲ ಮುಂಗಡ ಕಟ್ಟುವವರೇ.

ದೇಶದ ಮೊಬೈಲ್ ಸಂಪರ್ಕಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪ್ರೀಪೇಯ್ಡ್. ಕಂಪನಿಗೆ ಇದರಲ್ಲಿ ಒಂದು ರೂಪಾಯಿಯ ಅಪಾಯವೂ ಇಲ್ಲ. ದುಡ್ಡು ಮೊದಲು, ಮಾತು ಆಮೇಲೆ. ಹಾಗಿದ್ದರೆ ಮುಂಗಡ ಕೊಡುವವರಿಗೆ ದರ ಕಡಿಮೆ ಇರಬೇಕಿತ್ತು ಅಲ್ವಾ? 2024ರ ಜುಲೈನಲ್ಲಿ ಮೂರೂ ದೊಡ್ಡ ಖಾಸಗಿ ಕಂಪನಿಗಳು ದರ ಏರಿಸಿದವು. ಜಿಯೋದ ₹155ರ ಪ್ಯಾಕ್ ₹189 ಆಯಿತು, ಏರ್‌ಟೆಲ್‌ನ ₹179ರದ್ದು ₹199 ಆಯಿತು. ಎರಡರದ್ದೂ ವ್ಯಾಲಿಡಿಟಿ 28 ದಿನ. ತಿಂಗಳಿಗೊಮ್ಮೆ ಅಂದುಕೊಂಡು ಹಾಕಿಸುತ್ತೇವೆ, ವರ್ಷಕ್ಕೆ 13 ಸಲ ಆಗುತ್ತದೆ. ₹199ರಂತೆ 13 ಸಲಕ್ಕೆ ₹2,587.

ಬರೀ ಮಾತಾಡುವವರು ಡೇಟಾಕ್ಕೂ ದುಡ್ಡು ಕೊಡುವಂತೆ ಆಗಬಾರದು ಅಂತ ಟ್ರಾಯ್ (ಮೊಬೈಲ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ) 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕಡ್ಡಾಯ ಆಯಿತು. ಅದಾದ ಮೇಲೆ 2025ರ ಆರಂಭದಲ್ಲಿ ಏರ್‌ಟೆಲ್ 365 ದಿನಕ್ಕೆ ₹1,849ರ ಪ್ಯಾಕ್ ತಂದಿತು. ಡೇಟಾ ಬೇಡದ ಮುದುಕರಿಗೆ, ಕೀಪ್ಯಾಡ್ ಫೋನ್ ಇಟ್ಟುಕೊಂಡ ಕುರಿಗಾಹಿಗೆ ಇದು ಒಳ್ಳೆಯದೇ. ವರ್ಷಕ್ಕೆ ಏಳುನೂರು ರೂಪಾಯಿಗಿಂತ ಜಾಸ್ತಿ ಉಳಿಯುತ್ತದೆ. ಆದರೆ ಒಂದೇ ಸಲಕ್ಕೆ ₹1,849 ಕೈಯಲ್ಲಿ ಇರಬೇಕು. ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ರೈತನಿಗೆ ಸುಗ್ಗಿಯಲ್ಲಿ ದುಡ್ಡು ಬರುತ್ತದೆ, ಬಂದದ್ದು ಗೊಬ್ಬರದ ಅಂಗಡಿಯ ಉದ್ರಿಗೆ, ಟ್ರ್ಯಾಕ್ಟರ್ ಬಾಡಿಗೆಗೆ ಹೋಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಕರೆಂಟ್ ಹೋದ ದಿನ ದುಡಿಮೆ ಇಲ್ಲ. ಅವರು ಸಣ್ಣ ಪ್ಯಾಕನ್ನೇ ಹಾಕಿಸುತ್ತಾರೆ. ಸಣ್ಣ ಪ್ಯಾಕಿಗೆ ದಿನದ ಲೆಕ್ಕದಲ್ಲಿ ಜಾಸ್ತಿ ಕೊಡುತ್ತಾರೆ. ಹೀಗೆ ಜಾಸ್ತಿ ಕೊಟ್ಟೂ ಅವರ ಹೆಸರಿಗೆ ಒಂದು ಸಾಲಿನ ಒಳ್ಳೆಯ ದಾಖಲೆ ಇಲ್ಲ.

ಪೋಸ್ಟ್‌ಪೇಯ್ಡ್ ಯಾರಿಗೆ?

ಪೋಸ್ಟ್‌ಪೇಯ್ಡ್ ಅಂದರೆ ಕಂಪನಿ ಒಂದು ತಿಂಗಳು ಉದ್ರಿ ಕೊಟ್ಟ ಹಾಗೆ. ಮೊದಲು ಬಳಸಿ, ಆಮೇಲೆ ಕಟ್ಟಿ. ಯಾರಿಗೆ ಉದ್ರಿ ಕೊಡಬೇಕು ಅಂತ ನೋಡುವುದು ತಪ್ಪಲ್ಲ. ಬಿಲ್ ಕಟ್ಟದೆ ಸಿಮ್ ಬಿಸಾಡಿ ಹೋಗುವವರು ಇದ್ದಾರೆ. ಆ ನಷ್ಟ ಕೊನೆಗೆ ಸರಿಯಾಗಿ ಕಟ್ಟುವವರ ಬಿಲ್ಲಿನ ಮೇಲೇ ಬೀಳುತ್ತದೆ. ಹಾಗಾಗಿ ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಯಾವುದನ್ನು ನೋಡಿ ಪರೀಕ್ಷೆ ಮಾಡುತ್ತಾರೆ ಅನ್ನುವುದೇ ನನ್ನ ತಕರಾರು.

ಒಂದು ಉದಾಹರಣೆ ನೋಡಿ. 2023ರ ಮಾರ್ಚ್‌ನಲ್ಲಿ ಜಿಯೋ ಕುಟುಂಬದ ಪೋಸ್ಟ್‌ಪೇಯ್ಡ್ ಪ್ಲಾನ್ ತಂದಾಗ ಗ್ರಾಹಕರು ಠೇವಣಿ ಇಡಬೇಕಿತ್ತು. ಆದರೆ ಕೆಲವರಿಗೆ ಠೇವಣಿ ಬೇಡ ಅಂತ ವಿನಾಯಿತಿ ಕೊಟ್ಟರು. ಆ ಪಟ್ಟಿಯಲ್ಲಿ ಇದ್ದವರು ಕಾರ್ಪೊರೇಟ್ ಕಂಪನಿಗಳ ನೌಕರರು, ಜಿಯೋಫೈಬರ್ ಗ್ರಾಹಕರು, ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇದ್ದವರು, ಎಚ್‌ಡಿಎಫ್‌ಸಿ, ಆಕ್ಸಿಸ್, ಎಸ್‌ಬಿಐ ಕ್ರೆಡಿಟ್ ಕಾರ್ಡ್ ಇದ್ದವರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಎಂಜಿನಿಯರಿಗೆ ಈ ಬಾಗಿಲು ತೆರೆಯುತ್ತದೆ. ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ತೆರೆಯುವುದಿಲ್ಲ. ಅವನು ವರ್ಷಗಟ್ಟಲೆ ಅದೇ ಕಂಪನಿಗೆ ಮುಂಗಡ ಕಟ್ಟಿರಬಹುದು. ಆ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲೇ ಇದೆ. ಅದನ್ನು ನೋಡದೆ ಬೇರೆ ಬ್ಯಾಂಕಿನ ಕಾರ್ಡ್ ಇದೆಯಾ ಅಂತ ನೋಡುತ್ತಾರೆ.

ಉದ್ರಿಯ ಮಿತಿ ಬಗ್ಗೆ ಟ್ರಾಯ್ 2005ರಲ್ಲೇ ಸೂಚನೆ ಕೊಟ್ಟಿದೆ. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಅವರ ಮಿತಿ ಎಷ್ಟು ಅಂತ ಮೊದಲೇ ತಿಳಿಸಬೇಕು, ನೂರಕ್ಕೆ 80ರಷ್ಟು ಬಳಕೆ ಆದಾಗ ಎಚ್ಚರಿಸಬೇಕು. ಮಿತಿ ಎಷ್ಟು ಅಂತ ಹೇಳಬೇಕು, ಸರಿ. ಆದರೆ ಆ ಮಿತಿಯನ್ನು ಯಾವ ಆಧಾರದ ಮೇಲೆ ಗೊತ್ತುಮಾಡಿದರು ಅನ್ನುವುದು ಗ್ರಾಹಕನ ಕೈಗೆ ಬರುವುದಿಲ್ಲ.

ಇನ್ನು ಸಿಬಿಲ್ ವಿಷಯ. ಜನ ಸಿಬಿಲ್ ಅನ್ನುವುದು ಒಂದು ಕಂಪನಿಯ ಹೆಸರು. ಅಂಥ ಕಂಪನಿಗಳು ನಾಲ್ಕು ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸಾಲ ತಗೊಂಡವರ ಲೆಕ್ಕವನ್ನು ಬ್ಯಾಂಕು, ಫೈನಾನ್ಸ್‌ಗಳಿಂದ ಪಡೆದು 300ರಿಂದ 900ರ ನಡುವೆ ಅಂಕ ಕೊಡುತ್ತವೆ. ಇವುಗಳಿಗೆ 2005ರ ಕಾಯ್ದೆ ಇದೆ. ಅದರ ಕೆಳಗೆ 2006ರಲ್ಲಿ ಬಂದ ನಿಯಮಗಳಲ್ಲಿ ಈ ಮಾಹಿತಿಯನ್ನು ಯಾರು ನೋಡಬಹುದು ಅನ್ನುವ ಪಟ್ಟಿ ಇದೆ. ವಿಮಾ ಕಂಪನಿಗಳ ಜೊತೆಗೆ ಮೊಬೈಲ್ ಮತ್ತು ಟೆಲಿಫೋನ್ ಕಂಪನಿಗಳೂ ಆ ಪಟ್ಟಿಯಲ್ಲಿವೆ. ಸಿಬಿಲ್ ವರದಿಯಲ್ಲಿ ಗೃಹ ಸಾಲ, ಚಿನ್ನದ ಸಾಲ ಅಂತ ಇರುವ ಹಾಗೆಯೇ ಮೊಬೈಲ್ ಸಂಪರ್ಕಕ್ಕೂ ಒಂದು ಪ್ರತ್ಯೇಕ ಖಾತೆಯ ವಿಧ ಇದೆ. ಹಳ್ಳಿಯಲ್ಲಿ ಸಿಮ್ ಕೊಡುವಾಗ ಯಾರೂ ಸಿಬಿಲ್ ಎತ್ತುವುದಿಲ್ಲ ನಿಜ. ಆದರೆ ನೋಡಲು, ಬರೆಯಲು ದಾರಿ ಇದೆ ಅನ್ನುವುದನ್ನು ಗ್ರಾಹಕ ತಿಳಿದಿರಬೇಕು. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇಟ್ಟುಕೊಂಡು ನಂಬರನ್ನು ಬೇರೆ ಕಂಪನಿಗೆ ಒಯ್ಯಲು ಆಗುವುದಿಲ್ಲ ಅನ್ನುವುದಂತೂ ಎಲ್ಲರಿಗೂ ಅನುಭವಕ್ಕೆ ಬಂದಿರುತ್ತದೆ. ಪೋರ್ಟ್ ಮಾಡಲು ಬಾಕಿ ತೀರಿಸಿರಬೇಕು ಅನ್ನುವುದು ಟ್ರಾಯ್ ನಿಯಮ.

ಕಂತಿನ ಫೋನ್, ಅಮ್ಮನ ಹೆಸರು

ನಮ್ಮ ಭಾಗದಲ್ಲಿ ಸಿಬಿಲ್ ನಿಜವಾಗಿ ಕಡಿಯುವುದು ಫೋನಿನ ಕಂತಿನಲ್ಲಿ. ಸ್ಮಾರ್ಟ್‌ಫೋನ್ ಈಗ ಷೋಕಿಯಲ್ಲ. ಉದ್ಯೋಗ ಖಾತ್ರಿ ಹಾಜರಿ ಫೋನಿನಲ್ಲಿ, ಎಪಿಎಂಸಿ ದರ ಫೋನಿನಲ್ಲಿ, ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ನೋಡುವುದೂ ಫೋನಿನಲ್ಲೇ. ಒಂದೇ ಸಲಕ್ಕೆ ಹತ್ತು ಹದಿನೈದು ಸಾವಿರ ಕೊಡಲು ಆಗದವರು ಕಂತಿಗೆ ಹೋಗುತ್ತಾರೆ.

ಅಲ್ಲಿ ಏನಾಗುತ್ತದೆ ನೋಡಿ. ಮಗನಿಗೆ ಇಪ್ಪತ್ತು ವರ್ಷ. ಅವನು ಯಾವ ಸಾಲವನ್ನೂ ತಗೊಂಡಿಲ್ಲ, ಹಾಗಾಗಿ ಅವನ ಹೆಸರಿಗೆ ದಾಖಲೆಯೇ ಇಲ್ಲ. ಅಪ್ಪನ ಬೆಳೆಸಾಲ ನವೀಕರಣ ಆಗದೆ ಉಳಿದಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನೀರು ಹರಿದು ಹೋಗುವುದನ್ನು ನೋಡುತ್ತಾ ನಿಂತ ರೈತನಿಗೆ, ಬೆಳೆ ಕೈಗೆ ಬರುತ್ತದೋ ಇಲ್ಲವೋ ಅನ್ನುವುದು ತನ್ನ ಕೈಯಲ್ಲಿ ಇಲ್ಲ ಅನ್ನುವುದು ಗೊತ್ತು. ಸಿಬಿಲ್ ವರದಿಗೆ ಗೊತ್ತಿಲ್ಲ. ಅದರಲ್ಲಿ ಎಷ್ಟು ದಿನ ತಡ ಆಯಿತು ಅನ್ನುವ ಅಂಕಿ ಇರುತ್ತದೆ, ನೀರು ಬರಲಿಲ್ಲ ಅನ್ನುವುದು ಇರುವುದಿಲ್ಲ.

ಮನೆಯಲ್ಲಿ ಒಳ್ಳೆಯ ದಾಖಲೆ ಇರುವುದು ಬಹಳ ಸಲ ಅಮ್ಮನದ್ದು. ಅವಳು ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ತಗೊಂಡು ಕಂತು ಕಂತಾಗಿ ತಪ್ಪದೆ ಕಟ್ಟಿದ್ದಾಳೆ. ಮೈಕ್ರೋಫೈನಾನ್ಸ್ ಸಾಲಗಳು ಕ್ರೆಡಿಟ್ ಕಂಪನಿಗಳ ದಾಖಲೆಗೆ ಹೋಗುತ್ತವೆ. ಆದ್ದರಿಂದ ಅಂಗಡಿಯವನು, 'ಅಮ್ಮನ್ನ ಕರ್ಕೊಂಡು ಬಾ' ಅನ್ನುತ್ತಾನೆ. ಅಮ್ಮನ ಹೆಸರಲ್ಲಿ ಕಂತು, ಮಗನ ಕೈಯಲ್ಲಿ ಫೋನು. ಅವನು ಗುಳೆ ಹೋದ ಕಡೆ ಎರಡು ತಿಂಗಳು ಕೆಲಸ ಸಿಗದೆ ಕಂತು ತಪ್ಪಿದರೆ ಕೆಟ್ಟ ಗುರುತು ಬೀಳುವುದು ಅಮ್ಮನಿಗೆ. ಮುಂದಿನ ಸಲ ಎಮ್ಮೆ ತರಲು, ಆಸ್ಪತ್ರೆಗೆ, ಮಗಳ ಫೀಸಿಗೆ ಅಂತ ಅವಳು ಸಾಲ ಕೇಳಿದಾಗ ಬಾಗಿಲು ಮುಚ್ಚಿರುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಫೋನಿಗೆ ಹೋಯಿತು. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಮಗ ತಾನೇ ಹತ್ತನೇ ಕ್ಲಾಸಿನಿಂದ ಕರೆನ್ಸಿ ಹಾಕಿಸಿಕೊಂಡು ಬಂದದ್ದಕ್ಕೆ ಬೆಲೆ ಇದ್ದಿದ್ದರೆ ಅಮ್ಮ ಸಹಿ ಹಾಕಲು ಬರಬೇಕಾಗಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಒಂದು ಫೈನಾನ್ಸ್‌ನಲ್ಲಿ ಆಗದಿದ್ದರೆ ಅಂಗಡಿಯವರು ಇನ್ನೊಂದರಲ್ಲಿ ಹಾಕಿ ನೋಡುತ್ತಾರೆ, ಅದೂ ಆಗದಿದ್ದರೆ ಮತ್ತೊಂದು. ಸಾಲಕ್ಕಾಗಿ ವರದಿ ತೆಗೆದು ನೋಡಿದಾಗಲೆಲ್ಲ ಅದು ವರದಿಯಲ್ಲಿ ದಾಖಲಾಗುತ್ತದೆ. ಸ್ವಲ್ಪ ದಿನದಲ್ಲೇ ಇಂಥವು ಜಾಸ್ತಿ ಆದರೆ ಅಂಕ ಇಳಿಯುತ್ತದೆ. ಫೋನೂ ಸಿಗಲಿಲ್ಲ, ಅಂಕವೂ ಹೋಯಿತು. ನೀವು ಒಟಿಪಿ ಹೇಳಿದರೆ ಒಪ್ಪಿಗೆ ಕೊಟ್ಟ ಹಾಗೆ. ಹಾಗಾಗಿ 'ಸುಮ್ನೆ ಚೆಕ್ ಮಾಡೋಣ' ಅಂದರೆ ಒಟಿಪಿ ಹೇಳಬೇಡಿ.

ಬಡ್ಡಿಯೇ ಇಲ್ಲ ಅನ್ನುವ ಬೋರ್ಡನ್ನೂ ನಂಬಬೇಡಿ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಪ್ರೊಸೆಸಿಂಗ್ ಫೀಸಿನಲ್ಲಿ ಇರುತ್ತದೆ, ಇಲ್ಲವೇ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗೆ ಸಿಗದೆ ಹೋಗುತ್ತದೆ.

ಕಂತು ತಪ್ಪಿದರೆ ಫೋನನ್ನೇ ದೂರದಿಂದ ಲಾಕ್ ಮಾಡುವ ಪದ್ಧತಿಯೂ ಬಂದಿತ್ತು. 2025ರಲ್ಲಿ ಗ್ರಾಹಕರ ಮುಂಚಿನ ಒಪ್ಪಿಗೆ ಇದ್ದರೆ ಇದಕ್ಕೆ ಅವಕಾಶ ಕೊಡಬಹುದೇ ಅಂತ ರಿಸರ್ವ್ ಬ್ಯಾಂಕ್ ಸಾಧಕ ಬಾಧಕ ನೋಡುತ್ತಿದೆ ಅನ್ನುವ ಸುದ್ದಿ ದೊಡ್ಡ ಚರ್ಚೆ ಆಯಿತು. ಲಾಕ್ ಇದ್ದರೆ ಕಂಪನಿಗೆ ಧೈರ್ಯ ಬಂದು ದಾಖಲೆ ಇಲ್ಲದವರಿಗೂ ಸಾಲ ಸಿಗುತ್ತದೆ ಅನ್ನುವುದು ಒಂದು ವಾದ. ನನಗೆ ಇದು ಒಪ್ಪಿಗೆ ಇಲ್ಲ. ಕೂಲಿಗೆ ಕರೆಯುವ ಮೇಸ್ತ್ರಿಯ ಫೋನು ಬರುವುದು ಅದೇ ಮೊಬೈಲಿಗೆ, ಫೋನ್‌ಪೇ ಇರುವುದೂ ಅದರಲ್ಲೇ. ಅದನ್ನು ಮುಚ್ಚಿದರೆ ಕಂತು ಕಟ್ಟುವ ದುಡಿಮೆಯೇ ನಿಲ್ಲುತ್ತದೆ.

ಅಮೆರಿಕದ ಪಾಠ

ಅಮೆರಿಕದಲ್ಲಿ ತಿಂಗಳ ಬಿಲ್ಲಿನ ಪ್ಲಾನ್ ತಗೊಳ್ಳುವಾಗ ಕ್ರೆಡಿಟ್ ನೋಡುವುದು ಮಾಮೂಲಿ. ಫೋನು ಮತ್ತು ಪ್ಲಾನ್ ಒಟ್ಟಿಗೇ ಕಂತಿನಲ್ಲಿ ಸಿಗುತ್ತವೆ. ಅಂಕ ಕಡಿಮೆ ಇದ್ದವರು ಠೇವಣಿ ಇಡಬೇಕು ಅಥವಾ ಜಾಸ್ತಿ ಕೊಡಬೇಕು. ಅಲ್ಲಿ ಸ್ಪ್ರಿಂಟ್ ಅನ್ನುವ ಕಂಪನಿ ಅಂಕ ಕಡಿಮೆ ಇದ್ದ ಗ್ರಾಹಕರನ್ನು ಬೇರೆ ಯೋಜನೆಗೆ ಹಾಕಿ ತಿಂಗಳಿಗೆ 7.99 ಡಾಲರ್ ಜಾಸ್ತಿ ತಗೊಳ್ಳುತ್ತಿತ್ತು. ಯಾಕೆ ಜಾಸ್ತಿ ಅಂತ ಸರಿಯಾಗಿ ತಿಳಿಸಲಿಲ್ಲ. ಎಷ್ಟೋ ಜನರಿಗೆ ನೋಟಿಸ್ ಬರುವಷ್ಟರಲ್ಲಿ ದಂಡ ಇಲ್ಲದೆ ಬಿಡುವ ಅವಧಿ ಮುಗಿದಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ಹಾಕಿತು. 2015ರಲ್ಲಿ ಕಂಪನಿ 29.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಅಂಕ ನೋಡಿದ್ದು ಅಲ್ಲಿ ಅಪರಾಧ ಆಗಲಿಲ್ಲ. ನೋಡಿ ದರ ಏರಿಸಿದ್ದನ್ನು ಸರಿಯಾಗಿ, ಸಮಯಕ್ಕೆ ಹೇಳದಿದ್ದದ್ದು ಅಪರಾಧ ಆಯಿತು.

ಅದೇ ವರ್ಷ ಟಿ-ಮೊಬೈಲ್ ಬೇರೆ ದಾರಿ ಹಿಡಿಯಿತು. 12 ತಿಂಗಳು ತಪ್ಪದೆ ಬಿಲ್ ಕಟ್ಟಿದ ಗ್ರಾಹಕರಿಗೆ, ಅವರ ಕ್ರೆಡಿಟ್ ಅಂಕ ಏನೇ ಇರಲಿ, ಒಳ್ಳೆಯ ಅಂಕದವರಿಗೆ ಸಿಗುವ ಶರತ್ತಿನಲ್ಲೇ ಫೋನ್ ಕೊಡುತ್ತೇವೆ ಅಂದಿತು. ವ್ಯಾಪಾರದ ಲಾಭಕ್ಕೇ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೂ ವಿಚಾರ ಸರಿಯಾಗಿದೆ. ನಮ್ಮ ಜೊತೆ ಹೇಗೆ ನಡೆದುಕೊಂಡಿದ್ದಾನೆ ಅಂತ ನೋಡಿ ನಂಬುವುದು. ನಮ್ಮ ಊರಿನ ಕಿರಾಣಿ ಅಂಗಡಿಯವರು ಉದ್ರಿ ಕೊಡುವುದೂ ಹೀಗೆಯೇ, ನಿನ್ನ ಬ್ಯಾಂಕ್ ಕಾರ್ಡ್ ತೋರಿಸು ಅನ್ನುವುದಿಲ್ಲ.

ನಮ್ಮಲ್ಲೂ ಇದು ಆಗದ ಮಾತಲ್ಲ. ಜಿಯೋ 2021ರಲ್ಲಿ ಡೇಟಾ ಸಾಲ ಶುರು ಮಾಡಿತು. 1 ಜಿಬಿಗೆ ₹11ರಂತೆ ಐದು ಪ್ಯಾಕಿನವರೆಗೆ ಮೊದಲು ಬಳಸಿ ಆಮೇಲೆ ಕಟ್ಟಬಹುದಿತ್ತು. ₹55 ನಂಬುವ ಕಂಪನಿ ತಿಂಗಳ ಪೋಸ್ಟ್‌ಪೇಯ್ಡ್ ಬಿಲ್ಲಿಗೂ ಅದೇ ಲೆಕ್ಕದಲ್ಲಿ ನಂಬಬಹುದು. ಎರಡು ವರ್ಷ ನಿಂತ ಪ್ರೀಪೇಯ್ಡ್ ಗ್ರಾಹಕ ಪೋಸ್ಟ್‌ಪೇಯ್ಡ್‌ಗೆ ಬಂದರೆ ಠೇವಣಿ ಬೇಡ ಅಂತ ಟ್ರಾಯ್ ಒಂದು ನಿಯಮ ಮಾಡಿದರೆ ಸಾಕು. ಕ್ರೆಡಿಟ್ ವರದಿ ನೋಡಿ ಇಲ್ಲ ಅಂದರೆ ಕಾರಣವನ್ನು ಕನ್ನಡದಲ್ಲಿ ಎಸ್‌ಎಂಎಸ್ ಮಾಡಬೇಕು ಅನ್ನುವುದೂ ಸೇರಬೇಕು. ಮೊದಲ ಸಲ ಸಾಲ ಕೇಳುವವರನ್ನು ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ, 2025ರಲ್ಲಿ ಕೇಂದ್ರ ಹಣಕಾಸು ಇಲಾಖೆ ಲೋಕಸಭೆಯಲ್ಲೂ ಇದನ್ನು ಹೇಳಿದೆ. ಮೊಬೈಲ್ ಕಂಪನಿಗಳಿಗೆ ಬೇರೆ ನ್ಯಾಯ ಯಾಕೆ?

ಹಾಗಂತ ರೀಚಾರ್ಜ್ ಲೆಕ್ಕವನ್ನೆಲ್ಲ ಸಿಬಿಲ್‌ಗೆ ಸುರಿದುಬಿಡಿ ಅಂತ ನಾನು ಹೇಳಲಾರೆ. ಯಾವ ವಾರ ಕರೆನ್ಸಿ ಇರಲಿಲ್ಲ ಅನ್ನುವುದು ಯಾವ ವಾರ ಮನೆಯಲ್ಲಿ ದುಡ್ಡಿರಲಿಲ್ಲ ಅನ್ನುವುದನ್ನೂ ಹೇಳುತ್ತದೆ. ಅದನ್ನು ಗ್ರಾಹಕ ಬೇಕೆಂದಾಗ ಮಾತ್ರ ತೋರಿಸುವಂತಿರಬೇಕು, ಒಳ್ಳೆಯದಕ್ಕೆ ಮಾತ್ರ ಬಳಕೆ ಆಗಬೇಕು. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಹೆಂಗಸರು ಬಳಸುವ ಸಿಮ್ ಎಷ್ಟೋ ಕಡೆ ಗಂಡನ ಅಥವಾ ಮಗನ ಹೆಸರಲ್ಲಿ ಇರುತ್ತದೆ. ಅವಳು ಕೂಲಿ ಮಾಡಿ ಹಾಕಿಸಿದ ಕರೆನ್ಸಿ ಅವನ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅನ್ನುವುದನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನೀವು ಬಳಸುವ ನಂಬರ್ ನಿಮ್ಮ ಹೆಸರಿಗೆ ಇಲ್ಲದಿದ್ದರೆ ಕಂಪನಿಯ ಮಳಿಗೆಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ.

ನಂಬರ್ ಉಳಿಸಿಕೊಳ್ಳುವುದೂ ಮುಖ್ಯ. ಯಾರಾದರೂ ನಿಮ್ಮ ಕ್ರೆಡಿಟ್ ವರದಿ ತೆಗೆದು ನೋಡಿದರೆ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಗುಳೆ ಹೋದ ಕಡೆ ಹೊಸ ಸಿಮ್ ತಗೊಂಡು ಹಳೆಯದನ್ನು ಬಿಟ್ಟರೆ ಆ ಎಸ್‌ಎಂಎಸ್ ನಿಮಗೆ ತಲುಪುವುದಿಲ್ಲ. 90 ದಿನ ಬಳಸದಿದ್ದರೆ ಮಾತ್ರ ಪ್ರೀಪೇಯ್ಡ್ ನಂಬರನ್ನು ಬಂದ್ ಮಾಡಬಹುದು, ಖಾತೆಯಲ್ಲಿ ₹20 ಇದ್ದರೆ ಆಗಲೂ ತಕ್ಷಣ ಬಂದ್ ಮಾಡುವಂತಿಲ್ಲ.

ನಾಲ್ಕೂ ಕ್ರೆಡಿಟ್ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದರಲ್ಲಿ ತಪ್ಪು ಕಂಡರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕು, ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಫೋನಿಗೆ ಕಂತು ಮಾಡುವಾಗ ಒಟ್ಟು ಬಡ್ಡಿ, ಫೀಸು, ದಂಡ ಎಲ್ಲ ಬರೆದ ವಿವರ ಪತ್ರ ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲೇ ಕೇಳಿ. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ಪಟ್ಟಿ, ಫೋಟೋಗಳನ್ನು ಮುಟ್ಟುವಂತಿಲ್ಲ.

ಮೊಬೈಲ್ ಕಂಪನಿಯ ಬಿಲ್ಲಿನ ತಕರಾರು ಆದರೆ ಮೊದಲು ಅವರ ಕಸ್ಟಮರ್ ಕೇರ್‌ನಲ್ಲಿ ದೂರಿನ ನಂಬರ್ ಪಡೆಯಿರಿ, ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೊಬೈಲ್ ಕಂಪನಿ ಮೇಲಿನ ದೂರನ್ನು ಗ್ರಾಹಕ ಆಯೋಗ ಕೇಳುವಂತಿಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿದೆ. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಗಳಲ್ಲೂ ನೇರವಾಗಿ ದೂರು ಹಾಕಬಹುದು. ಹೋಗುವಾಗ ಬಿಲ್ಲು, ಎಸ್‌ಎಂಎಸ್‌ಗಳ ಸ್ಕ್ರೀನ್‌ಶಾಟ್, ದೂರಿನ ನಂಬರ್ ಇಟ್ಟುಕೊಂಡಿರಿ.